ಹಲ್ಲಿನ ಇಂಪ್ಲಾಂಟ್ ಸ್ಕ್ರೂ ಎರಡು ಸಲ ಸಡಿಲ, ಬಿಚ್ಚಿದರೆ ಕೆಟ್ಟ ವಾಸನೆ. ಎಲ್ಲಿ ತಪ್ಪಿರಬಹುದು?

ತುಮಕೂರು ಕ್ಲಿನಿಕ್:
ಎಲ್ಲರಿಗೂ ನಮಸ್ಕಾರ. ಪೇಶೆಂಟ್ ತಿಪಟೂರಿನ ಕೊಬ್ಬರಿ ವ್ಯಾಪಾರಿ, ವಯಸ್ಸು 58. ಕೆಳಗಿನ ಮೊದಲ ದವಡೆಹಲ್ಲಿನ ಜಾಗದಲ್ಲಿ ಇಂಟರ್ನಲ್ ಹೆಕ್ಸ್ ಇಂಪ್ಲಾಂಟ್ (ಮೂಳೆಯಲ್ಲಿ ಕೂರಿಸುವ ಲೋಹದ ಬೇರು, ಒಳಗೆ ಆರು ಮೂಲೆಯ ಗುಳಿ ಇರುವಂಥದ್ದು). ಟೈಟಾನಿಯಂ ಬೇಸ್ (ಇಂಪ್ಲಾಂಟಿಗೂ ಹಲ್ಲಿಗೂ ನಡುವಿನ ಲೋಹದ ತುಂಡು) ಮೇಲೆ ಜಿರ್ಕೋನಿಯಾ ಕ್ರೌನ್ (ಕಾಣುವ ಕೃತಕ ಹಲ್ಲು), ಸ್ಕ್ರೂ ಹಾಕಿ ಕೂರಿಸಿದ್ದು. ಮೂರು ತಿಂಗಳಲ್ಲಿ ಎರಡು ಸಲ ಸಡಿಲವಾಯಿತು. ಎರಡೂ ಸಲ 30 ನ್ಯೂಟನ್ ಸೆಂಟಿಮೀಟರ್ ಟಾರ್ಕ್‌ಗೆ (ತಿರುಗಿಸುವ ಬಲ) ಬಿಗಿ ಮಾಡಿದ್ದೆ.

ಮೊನ್ನೆ ಬಿಚ್ಚಿದರೆ ಚರಂಡಿ ವಾಸನೆ. ಸ್ಕ್ರೂ ತುದಿಗೆ ಕಂದು ಲೋಳೆ ಅಂಟಿತ್ತು. ಪ್ರೋಬ್ (ಒಸಡಿನ ಆಳ ನೋಡುವ ಕಡ್ಡಿ) ತಾಗಿಸಿದರೆ ಒಸಡಿನಿಂದ ರಕ್ತ. "ಡಾಕ್ಟ್ರೇ, ಅಂಗಡಿಗೆ ಬಂದೋರು ಎರಡು ಹೆಜ್ಜೆ ಹಿಂದೆ ನಿಂತ್ಕೋತಾರೆ" ಅಂತ ಅವರು ನಕ್ಕರು. ನನಗೆ ನಗು ಬರಲಿಲ್ಲ.

ಒಂದು ಮಾತು ಮುಚ್ಚಿಡಲ್ಲ. ಬೇಸ್ ಇಂಪ್ಲಾಂಟ್ ಕಂಪನಿಯದ್ದಲ್ಲ, 'ಕಂಪ್ಯಾಟಿಬಲ್' ಅಂತ ಮಾರುವಂಥದ್ದು. ಕೈಯಲ್ಲಿ ಕೂರಿಸಿದಾಗ ಟಕ್ ಅಂತ ಕೂತಿತ್ತು.

ಕೋಲಾರ ಲ್ಯಾಬ್:
ಆ 'ಟಕ್' ನಂಬಬೇಡಿ ಮೇಡಂ. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ. ಬಾಯಿಯ ಬ್ಯಾಕ್ಟೀರಿಯಾ ಹೆಚ್ಚಿನವು ಒಂದೆರಡು ಮೈಕ್ರಾನ್ ಅಷ್ಟೇ. ಐದು ಮೈಕ್ರಾನ್ ಸಂದು ಬೆರಳಿಗೆ ಗೊತ್ತೇ ಆಗಲ್ಲ, ಅವಕ್ಕೆ ಮಾತ್ರ ಹೆದ್ದಾರಿ.

ಮೂರು ಪ್ರಶ್ನೆ. ಸ್ಕ್ರೂ ಯಾರದು? ಮಾಡೆಲ್‌ನಲ್ಲಿ ಇಟ್ಟ ಅನಲಾಗ್ (ಇಂಪ್ಲಾಂಟಿನ ನಕಲು) ಯಾರದು? ಲ್ಯಾಬಿನಲ್ಲಿ ಹತ್ತಾರು ಸಲ ತಿರುಗಿಸಿದ ಸ್ಕ್ರೂವನ್ನೇ ಬಾಯಿಗೂ ಹಾಕಿದಿರಾ? ನಾವು ಲ್ಯಾಬ್ ಸ್ಕ್ರೂ ಬೇರೆ, ಬಾಯಿಗೆ ಹೊಸದು ಬೇರೆ ಕಳಿಸ್ತೀವಿ. ಎಷ್ಟೋ ಕಡೆ ಹೊಸದು ಡಬ್ಬಿಯಲ್ಲೇ ಉಳಿದಿರುತ್ತೆ!

ಚಿಕ್ಕಬಳ್ಳಾಪುರ ಪ್ರಾಸ್ತೋ (ಕೃತಕ ಹಲ್ಲಿನ ತಜ್ಞರು):
ಮತ್ತೆ ಬಿಗಿ ಮಾಡೋಕೆ ಹೋಗಬೇಡಿ. ಸ್ಕ್ರೂ ಬಿಗಿ ಮಾಡಿದಾಗ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತೆ, ಸ್ಪ್ರಿಂಗ್ ಥರ. ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯೋದು. ಅಳತೆ ಸರಿ ಇಲ್ಲದ ಬೇಸ್ ಒಂದು ಕಡೆ ಮಾತ್ರ ತಾಗಿ ಕೂತಿರುತ್ತೆ. ಅಗಿದಾಗ ಸಂದು ತೆರೆಯುತ್ತೆ, ಬಿಟ್ಟಾಗ ಮುಚ್ಚುತ್ತೆ. ಸೈಕಲ್ ಪಂಪ್ ನೆನಪಿಸಿಕೊಳ್ಳಿ. ಎಂಜಲು, ಬ್ಯಾಕ್ಟೀರಿಯಾ ಒಳಗೆ ಹೋಗುತ್ತವೆ. ಒಳಗೆ ಗಾಳಿ ಇಲ್ಲದೆ ಕೊಳೆತದ್ದು ವಾಪಸ್ ಒಸಡಿನ ಬುಡಕ್ಕೇ ಬರುತ್ತೆ. ವಾಸನೆಗೂ ರಕ್ತಕ್ಕೂ ಮೂಲ ಒಂದೇ.

ನಿಜ ಹೇಳಬೇಕಂದ್ರೆ ಒರಿಜಿನಲ್ ಕೂಡ ಪೂರ್ತಿ ಸೀಲ್ ಆಗಲ್ಲ. ಕೋನ್ ಆಕಾರದ ಜೋಡಣೆಯಲ್ಲಿ ಸೋರಿಕೆ ಕಡಿಮೆ, ಸೊನ್ನೆ ಅಲ್ಲ. ಆದರೆ ಒಂದೇ ಕಾರ್ಖಾನೆಯ ಎರಡು ಭಾಗಗಳಿಗೆ ಅಳತೆಯ ಲೆಕ್ಕ ಒಂದೇ ಇರುತ್ತೆ. ಬೇರೆಯವರು ನೋಡಿ ಮಾಡಿದ್ದರಲ್ಲಿ ಹೆಕ್ಸ್ ಹೊಂದಿದರೂ ಸ್ಕ್ರೂ ತಲೆ ಕೂರುವ ಜಾಗ ಹೊಂದದೇ ಇರಬಹುದು.

ಆರ್‌ವಿಜಿ (ಹಲ್ಲಿನ ಡಿಜಿಟಲ್ ಎಕ್ಸ್‌ರೇ) ತೆಗೆದಿರಾ? ಇಂಪ್ಲಾಂಟಿನ ಥ್ರೆಡ್ ಎರಡೂ ಬದಿ ಚೂಪಾಗಿ ಕಂಡರೆ ಮಾತ್ರ ಕೋನ ಸರಿ. ಓರೆಯಾದ ಚಿತ್ರದಲ್ಲಿ ಸಂದು ಅಡಗಿಬಿಡುತ್ತೆ.

ತುಮಕೂರು ಕ್ಲಿನಿಕ್:
ಸರ್, ಹಳೇ ಚಿತ್ರ ಓರೆಯಾಗಿತ್ತು. ಕ್ರೌನ್ ಮತ್ತೆ ಕೂರಿಸಿ ಇವತ್ತು ಸರಿ ಕೋನದಲ್ಲಿ ತೆಗೆದೆ. ಹಿಂಭಾಗದಲ್ಲಿ ಸಣ್ಣ ಕಪ್ಪು ಗೆರೆ. ಆಮೇಲೆ ಬಿಚ್ಚಿ ಲೂಪ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಹಾಕಿ ಸ್ಕ್ರೂ ನೋಡಿದರೆ ತಲೆಯ ಕೆಳಗೆ ಅರ್ಧ ಸುತ್ತು ಉಜ್ಜಿ ಫಳಫಳ, ಇನ್ನರ್ಧ ಹೊಸದರ ಹಾಗೇ ಇದೆ. ಲ್ಯಾಬ್ ಸ್ಕ್ರೂವನ್ನೇ ಬಾಯಿಗೆ ಹಾಕಿದ್ದೂ ಹೌದು. ಕೋಲಾರದವರ ಮೂರನೇ ಪ್ರಶ್ನೆಗೆ ತಲೆ ತಗ್ಗಿಸಿದ್ದೇನೆ.

ಚಿಕ್ಕಬಳ್ಳಾಪುರ ಪ್ರಾಸ್ತೋ:
ಹಾಗಾದರೆ ಮೊದಲು ಇಂಪ್ಲಾಂಟಿನ ಒಳಗೆ ಕ್ಲೋರ್‌ಹೆಕ್ಸಿಡಿನ್‌ನಲ್ಲಿ (ಬ್ಯಾಕ್ಟೀರಿಯಾ ಕೊಲ್ಲುವ ದ್ರವ) ಚೆನ್ನಾಗಿ ತೊಳೆಯಿರಿ. ಆಮೇಲೆ ಕಂಪನಿಯ ಹೀಲಿಂಗ್ ಕ್ಯಾಪ್ (ತಾತ್ಕಾಲಿಕ ಮುಚ್ಚಳ) ಹಾಕಿ ಒಸಡು ಆರಲಿ. ಒರಿಜಿನಲ್ ಬೇಸ್, ಹೊಸ ಸ್ಕ್ರೂ ತರಿಸಿ. ಟಾರ್ಕ್ ಕಂಪನಿ ಹೇಳಿದಷ್ಟೇ. ಹತ್ತು ನಿಮಿಷ ಬಿಟ್ಟು ಅಷ್ಟೇ ಟಾರ್ಕ್‌ಗೆ ಇನ್ನೊಮ್ಮೆ, ಯಾಕಂದ್ರೆ ಲೋಹದ ಉಬ್ಬುತಗ್ಗು ಚಪ್ಪಟೆಯಾಗಿ ಹಿಡಿತ ಸ್ವಲ್ಪ ಇಳಿದಿರುತ್ತೆ. ಟಾರ್ಕ್ ರೆಂಚ್ ಹಳೇದಾಗಿದ್ದರೆ ಚೆಕ್ ಮಾಡಿಸಿ. ಆಟೋಕ್ಲೇವ್ ಹಬೆಯಲ್ಲಿ ಬೆಂದೂ ಬೆಂದೂ ಅದು ಸುಳ್ಳು ಹೇಳೋಕೆ ಶುರು ಮಾಡಿರುತ್ತೆ.

ತುಮಕೂರು ಕ್ಲಿನಿಕ್:
ಅಪ್‌ಡೇಟ್. ಹೊಸ ಕ್ರೌನ್ ಕೂರಿಸಿ ಆರು ವಾರ ಆಯಿತು. ಹತ್ತು ನಿಮಿಷದ ನಂತರ ರೆಂಚ್ ನಿಜವಾಗಲೂ ಚೂರು ತಿರುಗಿತು, ಕಣ್ಣಾರೆ ನೋಡಿದೆ. ಸ್ಕ್ರೂ ರಂಧ್ರ ಮುಚ್ಚೋಕೆ ಟೆಫ್ಲಾನ್ ಟೇಪ್, ಅದರ ಮೇಲೆ ಕಾಂಪೋಸಿಟ್ ಫಿಲ್ಲಿಂಗ್. ಪೇಶೆಂಟ್ ನಿನ್ನೆ ಬಂದಿದ್ದರು. ಸ್ಕ್ರೂ ಗಟ್ಟಿ, ವಾಸನೆ ಇಲ್ಲ, ಒಂದೇ ಕಡೆ ಸ್ವಲ್ಪ ರಕ್ತ. ಎಕ್ಸ್‌ರೇಯಲ್ಲಿ ಮೂಳೆ ಇಳಿದಿಲ್ಲ. ಹೊಸ ಕ್ರೌನ್ ಖರ್ಚು ನಾನೇ ಹಾಕಿಕೊಂಡೆ, ತಪ್ಪು ನನ್ನದೇ ಅಲ್ವಾ. ಮುದ್ದೆ ನುಂಗೋದಷ್ಟೇ, ಅದರಿಂದ ತೊಂದರೆ ಇಲ್ಲ. ಕೊಬ್ಬರಿ ಚೂರು ಅಗಿಯೋದನ್ನ ಸದ್ಯಕ್ಕೆ ಬಲಗಡೆಗೆ ಬದಲಿಸಿದ್ದಾರೆ.

ಕೋಲಾರ ಲ್ಯಾಬ್:
ಹಳೇ ಬೇಸ್, ಸ್ಕ್ರೂ ಎಸೆದಿಲ್ಲ ತಾನೇ? ಕಳಿಸಿಕೊಡಿ ಮೇಡಂ. ಮೈಕ್ರೋಸ್ಕೋಪಿನ ಕೆಳಗಿಟ್ಟು ಫೋಟೋ ತೆಗೆದು ಇಲ್ಲೇ ಹಾಕ್ತೀನಿ.