ಅಪ್‌ಡೇಟ್: ಕಲೆಕ್ಷನ್‌ನಲ್ಲಿ ಕೊನೆಗೆ ಉಳಿದ ಉಡುಪುಗಳು

ಸ್ಪರ್ಧೆಯ ಸಸ್ಟೇನಬಲ್ (ಪರಿಸರಕ್ಕೆ ಹೊರೆ ಕಡಿಮೆ ಮಾಡುವ) ಫ್ಯಾಷನ್ ಕಲೆಕ್ಷನ್‌ಗೆ ಸ್ಕೆಚ್ ಜಾಸ್ತಿ ಆಗಿವೆ, ಆರು ಉಡುಪುಗಳಿಗೆ ಇಳಿಸುವುದು ಹೇಗೆ ಅಂತ ಕೇಳಿದ್ದೆನಲ್ಲ, ಆರಿಸಿ ಕಳುಹಿಸಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಎಲ್ಲವನ್ನೂ ಗೋಡೆಗೆ ಅಂಟಿಸಿ ದೂರದಿಂದ ನೋಡು ಎಂಬ ಸಲಹೆ ಕೆಲಸಕ್ಕೆ ಬಂತು. ಒಂದೇ ಆಕಾರದ ಎರಡು ಕೋಟುಗಳು ತಕ್ಷಣ ಕಣ್ಣಿಗೆ ಬಿದ್ದವು. ಒಂದನ್ನು ತೆಗೆದೆ.

ಆಮೇಲೆ ಪ್ರತಿ ಸ್ಕೆಚ್‌ಗೂ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ನಕ್ಷೆ, ಹಾಕಿ ನೋಡಿದೆ. ಸಾಮಾನ್ಯ ಕಟಿಂಗ್‌ನಲ್ಲಿ ಸುಮಾರು 15% ಬಟ್ಟೆ ಚೂರಾಗಿ ಹೋಗುತ್ತದೆ. ಚೌಕ, ಆಯತದ ತುಂಡುಗಳಿಂದಲೇ ಮಾಡಿದ ಅಂಗಿ ಮತ್ತು ಅಗಲ ಪ್ಯಾಂಟ್‌ನಲ್ಲಿ ಚೂರು ಉಳಿಯುವುದೇ ಅಪರೂಪ. ಅವೇ ಕಲೆಕ್ಷನ್‌ನ ಬೆನ್ನೆಲುಬಾದವು. ದೊಡ್ಡ ಘೇರಿನ ಗೌನ್ ಬಿಡುವಾಗ ಮಾತ್ರ ನಿಜಕ್ಕೂ ಸಂಕಟವಾಯಿತು. ತುಂಬಾ ಚೆಂದವಿತ್ತು, ಆದರೆ ಬಟ್ಟೆ ವಿಪರೀತ ಬೇಕಾಗುತ್ತಿತ್ತು.

ಬಟ್ಟೆಯ ಆಯ್ಕೆಯನ್ನೂ ತಿದ್ದಿದೆ. ಹತ್ತಿ-ಪಾಲಿಯೆಸ್ಟರ್ ಮಿಶ್ರಣ ಬಿಟ್ಟು ಪೂರ್ತಿ ಹತ್ತಿ. ಹೊಲಿಗೆ ದಾರವೂ ಹತ್ತಿಯದೇ. ಮಿಶ್ರ ನೂಲನ್ನು ಬೇರ್ಪಡಿಸಿ ಮತ್ತೆ ಬಳಸುವುದು ಕಷ್ಟ, ಅಲ್ವಾ? ಪ್ಯಾಂಟ್‌ಗೆ ಜಿಪ್ ಬದಲು ಲಾಡಿ ಇಟ್ಟೆ. ಸೊಂಟದ ಅಳತೆ ಬದಲಾದರೂ ಅದನ್ನೇ ಹಾಕಿಕೊಳ್ಳಬಹುದು. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಬದಲಾವಣೆ ಇದು.

ಫಲಿತಾಂಶ ಇನ್ನೂ ಬಂದಿಲ್ಲ. ಬಂದ ಕೂಡಲೇ ತಿಳಿಸುತ್ತೇನೆ.