ಆರು ತಿಂಗಳಾದ್ರೂ ಅದೇ ಹೇಯಾನ್ ಶೋದಾನ್!

ಪ್ರಶ್ನೆ: ಕೆಲಸಕ್ಕೆ ಅಂತ ಟೋಕಿಯೋಗೆ ಬಂದವನು, ವಯಸ್ಸು 38. ಮನೆ ಹತ್ತಿರದ ಶೋಟೋಕಾನ್ ಶೈಲಿಯ ಕರಾಟೆ ದೋಜೋ (ತರಬೇತಿ ಶಾಲೆ) ಸೇರಿ ಆರು ತಿಂಗಳಾಯ್ತು. ಇನ್ನೂ ಒಂದೇ ಕಟಾ (ಒಬ್ಬರೇ ಮಾಡೋ ಚಲನೆಗಳ ಸರಣಿ), ಅದೇ ಹೇಯಾನ್ ಶೋದಾನ್, ಅವೇ 21 ಚಲನೆ. ಸಾಲದು ಅಂತ ಕ್ಲಾಸಿಗೆ ಮುಂಚೆ ಒದ್ದೆ ಬಟ್ಟೆ ಹಿಡಿದು, ಸೊಂಟ ಮೇಲೆತ್ತಿ, ಓಡ್ತಾ ನೆಲ ಒರೆಸ್ಬೇಕು. ಮೊನ್ನೆ ಸೆನ್ಸೇ (ಗುರುಗಳು) ನನ್ನ ಹಿಂದಿನ ಕಾಲಿನ ಹಿಮ್ಮಡಿ ಕೆಳಗೆ ಒಂದು ಕಾಗದ ತೂರಿಸಿದ್ರು. ಸಲೀಸಾಗಿ ಆಚೆ ಬಂತು. ಏನೂ ಹೇಳದೆ ಮುಂದಿನವನ ಹತ್ತಿರ ಹೋದ್ರು. ಕುಮಿತೆ (ಎದುರಾಳಿ ಜೊತೆ ಕಾದಾಟ) ಯಾವಾಗ ಸ್ವಾಮಿ?

ಉತ್ತರ 1: ಆ ಕಾಗದದಲ್ಲೇ ಇದೆ ಉತ್ತರ. ಹಿಮ್ಮಡಿ ಎದ್ರೆ ನೆಲದ ಬಲ ಸೊಂಟ ದಾಟಿ ಮುಷ್ಟಿಗೆ ಬರಲ್ಲ. ಹಿಂದಿನ ಹಿಮ್ಮಡಿ ನೆಲಕ್ಕೆ ಇನ್ನೊಂಚೂರು ಒತ್ತಿ ನೋಡಿ.

ಉತ್ತರ 2: ಹೇಯಾನ್‌ಗೆ ಮೊದಲು ಪಿನಾನ್ ಅಂತಿದ್ರು. ಓಕಿನಾವಾದ ಇತೋಸು ಅನ್ನೋ ಕರಾಟೆ ಗುರು ಶಾಲೆ ಮಕ್ಕಳಿಗೆ ಅಂತ ಮಾಡಿದ್ದು. 1922ರಲ್ಲಿ ಟೋಕಿಯೋಗೆ ಬಂದ, ಶೋಟೋಕಾನ್ ಶುರುಮಾಡಿದ ಫುನಾಕೋಶಿ ಆಮೇಲೆ ಹೆಸರು ಬದಲಿಸಿದ್ರು. ಮಕ್ಕಳ ಪಾಠಕ್ಕೇ ನಮಗೆ ಏದುಸಿರು, ಬಿಡಿ.

ಪ್ರಶ್ನೆ ಕೇಳಿದವನು: ಹಿಮ್ಮಡಿ ಒತ್ತಿದೆ. ಇವತ್ತು ಕಾಗದ ಅರ್ಧಕ್ಕೇ ಸಿಕ್ಕಿಹಾಕ್ಕೊಂಡ್ತು! ಸೆನ್ಸೇ ‘ಹೂಂ’ ಅಂದ್ರು, ಅಷ್ಟೇ. ತೊಡೆ ಮಾತ್ರ ಮೆಟ್ಟಿಲು ಇಳಿಯೋಕೆ ಬಿಡ್ತಿಲ್ಲ.