ಬಿಎಸ್ಸಿ ಜಿಯಾಲಜಿ: ಯಾವ ಶಾಖೆ ಹಿಡಿಯಲಿ? ಬಲ್ಲವರು ಹೇಳಿ

ಪ್ರಶ್ನೆ (ಚಿತ್ರದುರ್ಗ): ಬಿಎಸ್ಸಿ ಎರಡನೇ ವರ್ಷ ಓದ್ತಿದ್ದೀನಿ, ಜಿಯಾಲಜಿ ಒಂದು ವಿಷಯ. ಮಿನರಾಲಜಿ, ಪೆಟ್ರಾಲಜಿ, ಸ್ಟ್ರಕ್ಚರಲ್, ಸ್ಟ್ರಾಟಿಗ್ರಫಿ, ಪೇಲಿಯಂಟಾಲಜಿ, ಎಕನಾಮಿಕ್, ಹೈಡ್ರೋಜಿಯಾಲಜಿ ಅಂತ ಎಷ್ಟೊಂದು ಶಾಖೆ! ಎಮ್ಮೆಸ್ಸಿಗೆ ಹೋಗೋದಾದರೆ ಈಗಿನಿಂದ ಯಾವುದರ ಮೇಲೆ ಗಮನ ಕೊಡಲಿ? "ಕಲ್ಲು ಓದಿ ಏನು ಮಾಡ್ತೀಯಾ" ಅಂತ ಮನೇಲಿ ದಿನಾ ಕೇಳ್ತಾರೆ.

ನಿವೃತ್ತ ಉಪನ್ಯಾಸಕ, ದಾವಣಗೆರೆ: ಮಗಳೇ, ಶಾಖೆ ಆರಿಸೋ ಮೊದಲು ಹಿರಿಯೂರು ಕಡೆಯ ಮರಡಿಹಳ್ಳಿಗೆ ಒಮ್ಮೆ ಹೋಗಿ ಬಾ. ಅಲ್ಲಿನ ಪಿಲ್ಲೋ ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನ ಅಡಿಯಲ್ಲಿ ಉಕ್ಕಿದ ಲಾವಾ ಅದು. ಹೊರಮೈ ತಣ್ಣೀರಿಗೆ ತಟ್ಟನೆ ಗಟ್ಟಿಯಾಗಿ, ಒಳಗಿನ ಬಿಸಿ ಲಾವಾ ಅದನ್ನು ಉಬ್ಬಿಸಿ, ಒಂದರ ಮೇಲೊಂದು ದಿಂಬು ಪೇರಿಸಿದ ಹಾಗೆ ಕೂತಿದೆ. ಯಾಕೆ ಹಸಿರು ಅಂತ ಕೇಳಿದರೆ ಮಿನರಾಲಜಿ: ಕ್ಲೋರೈಟ್ ಖನಿಜದ ಬಣ್ಣ ಅದು. ಮೂಲದಲ್ಲಿ ಯಾವ ಶಿಲೆ, ಕಾವು ಒತ್ತಡಕ್ಕೆ ಸಿಕ್ಕಿ ಹೇಗೆ ಬದಲಾಯಿತು ಅನ್ನೋದು ಪೆಟ್ರಾಲಜಿ. ಇನ್ನು ಪ್ರತಿ ದಿಂಬಿನ ಒಂದು ಮೈ ಗುಂಡಗಿರುತ್ತೆ. ಎದುರು ಬದಿ ಚೂಪಾಗಿ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದಿರುತ್ತೆ. ಗುಂಡಗಿರೋ ಕಡೆಯೇ ಅಂದಿನ ಮೇಲ್ಭಾಗ. ಪದರ ಮಡಚಿ ಬುಡಮೇಲಾಗಿದೆಯಾ ಅಂತ ಹೇಳೋಕೆ ಸ್ಟ್ರಕ್ಚರಲ್ಲಿನವರಿಗೆ ಅಷ್ಟು ಸಾಕು. ಯಾವ ಪದರ ಮೊದಲು, ಯಾವುದು ಆಮೇಲೆ ಅಂತ ಸ್ಟ್ರಾಟಿಗ್ರಫಿಯವರು ಅಲ್ಲಿಂದಲೇ ಲೆಕ್ಕ ಹಿಡೀತಾರೆ. ಸುತ್ತಿಗೆ ಮಾತ್ರ ಬೇಡಮ್ಮ, ಅಲ್ಲಿ ಒಂದು ಚೂರೂ ಒಡೆಯಬಾರದು.

ನನ್ನನ್ನು ಕೇಳಿದರೆ ಪದವಿ ಮುಗಿಯೋವರೆಗೆ ಸ್ಟ್ರಕ್ಚರಲ್ ಮತ್ತು ಮ್ಯಾಪಿಂಗ್ ಬಿಡಬೇಡ. ಕ್ಲೈನೋಮೀಟರ್ ಹಿಡಿದು ಪದರ ಯಾವ ದಿಕ್ಕಿಗೆ ಚಾಚಿದೆ (ಸ್ಟ್ರೈಕ್), ಎಷ್ಟು ವಾಲಿದೆ (ಡಿಪ್) ಅಂತ ಅಳೆದು ನಕ್ಷೆ ಬರೆಯೋಕೆ ಕೈ ಪಳಗಿದವರು ಮುಂದೆ ಯಾವ ಶಾಖೆಗೆ ಹೋದರೂ ನಿಲ್ಲುತ್ತಾರೆ.

ಅಂತರ್ಜಲ ಸರ್ವೆ ಮಾಡುವವನು, ಜಗಳೂರು: ಸರ್ ಮಾತು ನೂರಕ್ಕೆ ನೂರು ನಿಜ. ತಂಗೀ, ನಮ್ಮ ಕಡೆ ನೆಲ ಗಟ್ಟಿ ಶಿಲೆಯದು. ನೀರು ಇರೋದು ಮೇಲಿನ ಸವೆದ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ. ನಾವು ನೆಲಕ್ಕೆ ನಾಲ್ಕು ಸರಳು ಹೊಡೆದು, ಹೊರಗಿನ ಎರಡರಿಂದ ಕರೆಂಟ್ ಬಿಟ್ಟು, ಒಳಗಿನ ಎರಡರಲ್ಲಿ ವೋಲ್ಟೇಜ್ ನೋಡ್ತೀವಿ. ಒಣ ಬಂಡೆ ಕರೆಂಟಿಗೆ ರೋಧ ಜಾಸ್ತಿ ತೋರಿಸುತ್ತೆ, ನೀರು ಹಿಡಿದ ಪದರ ಕಡಿಮೆ. ಆದರೆ ಜೇಡಿಮಣ್ಣೂ ಕಡಿಮೆಯೇ ತೋರಿಸುತ್ತೆ! ಮೀಟರ್ ಒಂದನ್ನೇ ನಂಬಿ ಬೋರ್‌ವೆಲ್ ಪಾಯಿಂಟ್ ಕೊಟ್ಟರೆ ರೈತನ ಸಾಲ ಮಣ್ಣುಪಾಲು. ಅದಕ್ಕೇ ಮೊದಲು ಹೊಲ ಸುತ್ತಿ ಬಿರುಕು ಯಾವ ದಿಕ್ಕಿಗೆ ಓಡಿದೆ, ಕಪ್ಪು ಡಾಲರೈಟ್ ಡೈಕ್, ಅಂದರೆ ಹಳೆ ಬಂಡೆ ಸೀಳಿ ಎದ್ದ ಕಲ್ಲಿನ ಗೋಡೆ, ಎಲ್ಲಿ ಅಡ್ಡ ನಿಂತಿದೆ ಅಂತ ನೋಡಬೇಕು. ಡೈಕ್ ಎಷ್ಟೋ ಕಡೆ ನೆಲದೊಳಗಿನ ಒಡ್ಡು. ಅದರ ಮೇಲ್ಬದಿಯಲ್ಲಿ ನೀರು ತಡೆದು ನಿಂತಿರುತ್ತೆ. ತೆಂಗಿನಕಾಯಿ ಅಂಗೈಲಿಟ್ಟು ಪಾಯಿಂಟ್ ತೋರಿಸೋರ ಹಿಂದೆ ಹೋಗಿ ದುಡ್ಡು ಕಳ್ಕೊಂಡ ಮನೆಗಳನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತೆ. ನಮ್ಮ ಜಿಲ್ಲೆಗಳಿಗೆ ಹೈಡ್ರೋಜಿಯಾಲಜಿ ಓದಿದವರು ಬೇಕೇ ಬೇಕು. ಮನೇಲಿ ಕೇಳಿದರೆ ಇದನ್ನೇ ಹೇಳು.

ಗಣಿಯಲ್ಲಿ ಜಿಯಾಲಜಿಸ್ಟ್, ಸಂಡೂರು: ನಾನೂ ದುರ್ಗದವಳೇ. ಎಕನಾಮಿಕ್ ಜಿಯಾಲಜಿ ಅಂದರೆ ಅದಿರಿನ ಪಾಠ ಅಂತ ಪುಸ್ತಕದಲ್ಲಿ ಒಣಗಿದ ಹಾಗೆ ಕಾಣುತ್ತೆ, ಕೆಲಸ ಹಾಗಿಲ್ಲ. ನಿಮ್ಮ ಊರಿನ ಪಕ್ಕದ ಇಂಗಳದಾಳಿನಲ್ಲಿ ಹಿಂದೆ ತಾಮ್ರ ತೆಗೀತಿದ್ದರು. ಅದರ ಅದಿರು ಚಾಲ್ಕೊಪೈರೈಟ್, ಹಿತ್ತಾಳೆ ಹಳದಿ. ಪೈರೈಟೂ ಹೆಚ್ಚುಕಡಿಮೆ ಅದೇ ಬಣ್ಣ. ಲ್ಯಾಬಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಚಾಕುವಿನಿಂದ ಗೀರಿ ನೋಡು: ಚಾಲ್ಕೊಪೈರೈಟ್ ಮೇಲೆ ಗೀರು ಬೀಳುತ್ತೆ, ಪೈರೈಟ್ ಮೇಲೆ ಬೀಳಲ್ಲ. ನೆಲ ಕೊರೆದು ತೆಗೆದ ಉದ್ದನೆ ಕಲ್ಲಿನ ತುಂಡು, ಅಂದರೆ ಕೋರ್ ಮುಂದೆ ದಿನವಿಡೀ ಕೂತು ಬರೆಯುವಾಗ ನನ್ನ ಕೈಹಿಡಿದದ್ದು ಮಿನರಾಲಜಿ ಪ್ರಾಕ್ಟಿಕಲ್ಲೇ.

ಹೆಣ್ಣುಮಕ್ಕಳಿಗೆ ಗಣಿ ಆಗಲ್ಲ ಅಂತ ಯಾರಾದರೂ ಹೇಳಿದರೆ ಕೇಳಬೇಡ. 2019ರಿಂದ ಭೂಗತ ಗಣಿಯಲ್ಲೂ ತಾಂತ್ರಿಕ, ಮೇಲ್ವಿಚಾರಣೆಯ ಹುದ್ದೆಗಳಲ್ಲಿ ಮಹಿಳೆಯರು ಹಗಲು ಪಾಳಿ ಮಾಡಬಹುದು.

ಎಮ್ಮೆಸ್ಸಿ ವಿದ್ಯಾರ್ಥಿ, ಧಾರವಾಡ: ಪರೀಕ್ಷೆ ವಿಷಯ ಯಾರೂ ಹೇಳಲಿಲ್ಲ. ಐಐಟಿಗಳಲ್ಲಿ ಎಮ್ಮೆಸ್ಸಿ ಮಾಡೋಕೆ ಜ್ಯಾಮ್ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು, ಅದರಲ್ಲಿ ಜಿಯಾಲಜಿಗೇ ಪೇಪರ್ ಇದೆ. ಎಮ್ಮೆಸ್ಸಿ ಆದಮೇಲೆ ಯುಪಿಎಸ್‌ಸಿಯ ಕಂಬೈನ್ಡ್ ಜಿಯೋ ಸೈಂಟಿಸ್ಟ್: ಜಿಎಸ್ಐಗೆ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ) ಜಿಯಾಲಜಿಸ್ಟ್, ಕೇಂದ್ರ ಅಂತರ್ಜಲ ಮಂಡಳಿಗೆ ಹೈಡ್ರೋಜಿಯಾಲಜಿಸ್ಟ್ ಆಯ್ಕೆ ಅದರಿಂದಲೇ. ಈ ಪರೀಕ್ಷೆಗಳು ಎಲ್ಲ ಶಾಖೆಯಿಂದಲೂ ಕೇಳ್ತವೆ. ಪೇಲಿಯಂಟಾಲಜಿ, ಅಂದರೆ ಪಳೆಯುಳಿಕೆಗಳ ಪಾಠ, ನಮ್ಮ ಕಡೆಯವರಿಗೆ ಕೈಕೊಡೋ ಜಾಗ, ಯಾಕಂದ್ರೆ ದುರ್ಗದ ಶಿಲೆಗಳಿಗೆ ಚಿಪ್ಪಿನ ಪ್ರಾಣಿಗಳಿಗಿಂತ ಎಷ್ಟೋ ಹೆಚ್ಚು ವಯಸ್ಸು. ಸುಣ್ಣದ ಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಸಿಕ್ಕರೆ ಸಿಕ್ಕೀತು, ಅಷ್ಟೇ. ಕಾಲೇಜಿನಿಂದ ತಮಿಳುನಾಡಿನ ಅರಿಯಲೂರಿಗೆ ಟೂರ್ ಹಾಕಿದರೆ ತಪ್ಪಿಸಬೇಡಿ, ಪಳೆಯುಳಿಕೆ ಕೈಯಲ್ಲಿ ಹಿಡಿದು ನೋಡಬಹುದು. ಗಣಿತ, ಭೌತಶಾಸ್ತ್ರ ಇಷ್ಟವಿದ್ದರೆ ಜಿಯೋಫಿಸಿಕ್ಸ್ (ಭೂಭೌತಶಾಸ್ತ್ರ) ಕಡೆಗೂ ಕಣ್ಣಿಡಿ.

ಕೇಳಿದವಳು: ಎಲ್ಲರಿಗೂ ಧನ್ಯವಾದ. ಭಾನುವಾರ ಅಪ್ಪನನ್ನೂ ಕರ್ಕೊಂಡು ಮರಡಿಹಳ್ಳಿಗೆ ಹೋಗ್ತೀನಿ. ಸರ್, ಕಲ್ಲು ಹತ್ತಿರದಿಂದ ನೋಡೋಕೆ ಲೆನ್ಸ್ ಯಾವುದು ತಗೊಳ್ಳಲಿ?

ನಿವೃತ್ತ ಉಪನ್ಯಾಸಕ: ಹತ್ತು ಪಟ್ಟು ದೊಡ್ಡದಾಗಿ ಕಾಣಿಸೋದು ಸಾಕು. ಲೆನ್ಸ್ ಕಣ್ಣಿಗೆ ತಾಗುವಷ್ಟು ಹತ್ತಿರ ಇಟ್ಕೊಂಡು, ಬಂಡೆ ಕಡೆಗೆ ನೀನೇ ಬಾಗು. ಅಪ್ಪನಿಗೂ ಕೊಡು, ನೋಡಲಿ.